ಹನ್ನೊಂದು ಹಲ್ಲಿನ ಗಿಯರ್

ಮರುದಿನದ ಕಾಲೇಜು ಸ್ಪರ್ಧೆಯಲ್ಲಿ ನನ್ನ ರಿಮೋಟ್ ಹೆಲಿಕಾಪ್ಟರ್ ಐದು ನಿಮಿಷ ಗಾಳಿಯಲ್ಲಿ ನಿಲ್ಲಬೇಕಿತ್ತು. ಮೂರೇ ನಿಮಿಷಕ್ಕೆ ಮೋಟರ್ ಕಾದು ಬಂದ್ ಬೀಳುತ್ತಿತ್ತು. ಮೋಟರಿನ ತುದಿಯ ಸಣ್ಣ ಗಿಯರಿಗೆ ಹದಿಮೂರು ಹಲ್ಲು. ಹನ್ನೊಂದಕ್ಕೆ ಇಳಿಸಿದರೆ ರೆಕ್ಕೆ ಕೊಂಚ ನಿಧಾನವಾದರೂ ಮೋಟರಿಗೆ ಭಾರ ಕಡಿಮೆ. ಹಾಗಾಗಿ ಅಪ್ಪನ ಜೊತೆ ಗಬ್ಬೂರಿನಲ್ಲಿ ಗಿಯರ್ ಮಾಡಿಕೊಡುವ ಅಂಗಡಿಗೆ ಹೋದೆ.

ಅಂಗಡಿಯ ಕಾಕಾ ಕೇಳಿದ್ದೆಲ್ಲ ಅಪ್ಪನನ್ನೇ. ನಾನು ಕಿವಿಯಲ್ಲಿ ಹೇಳುವುದು, ಜೋಳದ ವ್ಯಾಪಾರಿಯಾದ ಅಪ್ಪ ಅದನ್ನು ಗಟ್ಟಿಯಾಗಿ ಒಪ್ಪಿಸುವುದು.

“ಹಲ್ಲು ಕಡಿಮಿ ಮಾಡಿದ್ರ ಮ್ಯಾಲೆ ಹೆಂಗ ಏರತೈತ್ರಿ ಸಾವ್ಕಾರ್ರ? ಹದಿನೈದು ಮಾಡಿಕೊಡ್ತೇನ್ರಿ,” ಅಂದರು ಕಾಕಾ.

“ಆತು, ಹದಿನೈದ ಮಾಡ್ರಿ,” ಅಂದುಬಿಟ್ಟರು ಅಪ್ಪ.

ಇನ್ನೂ ಸುಮ್ಮನಿದ್ದರೆ ಮೋಟರ್ ಸುಡುವುದು ಖಂಡಿತ. ಅಂಗಡಿಯ ಮುಂದೆಯೇ ಹೆಲಿಕಾಪ್ಟರ್ ಹಾರಿಸಿದೆ. ಅದು ಬಂದ್ ಬೀಳುವ ಮೊದಲೇ ಇಳಿಸಿ, “ಕಾಕಾ, ಮೋಟರ್ ಮುಟ್ಟಿ ನೋಡ್ರಿ,” ಎಂದೆ.

ಮುಟ್ಟಿದ ಬೆರಳನ್ನು ಥಟ್ಟನೆ ಎಳೆದುಕೊಂಡು ಅವರು ಮೊದಲ ಸಲ ನನ್ನ ಕಡೆ ತಿರುಗಿದರು.

“ಎಷ್ಟ ಹಲ್ಲು ಬೇಕು ತಂಗಿ?”

“ಹನ್ನೊಂದ್ರಿ.”

ಮರುದಿನ ಹೆಲಿಕಾಪ್ಟರ್ ಐದು ನಿಮಿಷ ದಾಟಿಯೂ ನಿಂತಿತು. ಮೈದಾನದ ಅಂಚಿನಲ್ಲಿ ಅಪ್ಪ ಯಾರಿಗೋ ವಿವರಿಸುತ್ತಿದ್ದರು: “ಅಂಗಡ್ಯಾಂವ ಹದಿನೈದು ಅಂತ ಹಟ ಹಿಡದಿದ್ದ ನೋಡ್ರಿ. ನಾ ಎಲ್ಲಿ ಕೇಳತೇನಿ!”