ಒಲೆಯ ಮುಂದೆ ಉಪ್ಪು ನೋಡುವವರು

ಮೂವತ್ತು ವರ್ಷ ಬೇಟೆಯ ಮಾಂಸ ಬೇಯಿಸಿದ ಸುರಪುರದ ಬಾಲಪ್ಪನಿಗೆ ಅದರ ಉಪ್ಪಿನ ಅಳತೆ ಮಾತ್ರ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ. ಜಾಗೀರದಾರರ ಬೇಟೆಯ ಡೇರೆಯಲ್ಲಿ ಉಪ್ಪು ನೋಡುವುದು ಹೊಡೆದವನ ಹಕ್ಕು. ಅಡುಗೆಯವನು ಚಿಟಿಕೆ ಹಾಕಿ ಕೈಬಿಡಬೇಕು, ನಾಲಗೆಗೆ ತಗಲಿಸಬಾರದು. ಹೊಡೆದವನು ಖುದ್ದು ಜಾಗೀರದಾರರಾಗಲಿ, ಗಿಡಗಂಟಿ ಬಡಿದು ಹಂದಿ ಎಬ್ಬಿಸುವ ಆಳಾಗಲಿ, ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅಂಗೈ ಚಾಚಲೇಬೇಕು. ಸಾರಿನ ಎರಡು ಹನಿ ನೆಕ್ಕಿ ಉಪ್ಪು ಇನ್ನಷ್ಟು ಬೇಕೆನ್ನುತ್ತಿದ್ದರು. ಆಮೇಲೆ ಬೇಟೆಯ ಕತೆ ಶುರುವಾದರೆ ಏಳುತ್ತಲೇ ಇರಲಿಲ್ಲ. ಹೆಂಡತಿ ರೇಣಮ್ಮ ತೀರಿಕೊಂಡ ಮೇಲೆ ಬಾಲಪ್ಪ ಮನಸಾರೆ ಮಾತಾಡುತ್ತಿದ್ದುದು ಆ ಹೊತ್ತಿನಲ್ಲಷ್ಟೇ.

ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಜಾಗೀರು ಹೋಯಿತು. ಬಂದೂಕುಗಳು ಠಾಣೆ ಸೇರಿದವು, ಡೇರೆಗಳು ಹರಾಜಾದವು. ಎರಡು ವರ್ಷ ಬಾಲಪ್ಪ ಒಬ್ಬನೇ ಬೇಯಿಸಿ ಒಬ್ಬನೇ ಉಂಡ.

ಒಂದು ಚಳಿಗಾಲ ಸರ್ಕಾರಿ ಬಂಗಲೆಯ ಜವಾನ ನಬಿಸಾಬ ಹುಡುಕಿಕೊಂಡು ಬಂದ. ಮದ್ರಾಸ್ ಕಡೆಯ ಹೊಸ ಸಾಹೇಬರು ಬೋನಾಳ ಕೆರೆಯಲ್ಲಿ ಬಾತು ಹೊಡೆದಿದ್ದಾರೆ, ಅಡುಗೆ ಹಿಡಿಸಿದರೆ ಬಂಗಲೆಯಲ್ಲಿ ಕಾಯಂ ಕೆಲಸ ಎಂದ. ಕೆಲಸಕ್ಕಿಂತ, ಒಲೆಯ ಮುಂದೆ ಮತ್ತೆ ಯಾರೋ ಬಂದು ಕೂರುತ್ತಾರಲ್ಲ ಎಂಬುದೇ ಬಾಲಪ್ಪನಿಗೆ ದೊಡ್ಡದಾಯಿತು.

ಬಾತಿನ ಮಾಂಸದಲ್ಲಿ ಸಿಕ್ಕಿಕೊಂಡಿದ್ದ ಬಂದೂಕಿನ ಸೀಸದ ಕಾಳುಗಳನ್ನು ಬೆರಳಿನಿಂದ ತಡವಿ ತಡವಿ ತೆಗೆದ. ಒಂದು ಉಳಿದರೂ ಹಲ್ಲು ಮುರಿದೀತು. ಮಗುವಿನ ಗಂಟಲಿಗೆ ಇಳಿದರೆ? ಸಾಹೇಬರ ಜೊತೆ ಮಗು ಬಂದಿಲ್ಲವೆಂದು ನಬಿಸಾಬ ಎರಡು ಸಲ ಹೇಳಿದರೂ ಮೂರನೆಯ ಸಲ ತಡವಿದ. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುರಿದ ಕೊಬ್ಬರಿ ಅರೆದು ಕುಸುಬೆ ಎಣ್ಣೆಯಲ್ಲಿ ಬಾಡಿಸಿ ಬೇಯಿಸಿದ. ಚಿಟಿಕೆ ಉಪ್ಪು ಉದುರಿಸಿ, ಸಾಹೇಬರನ್ನು ಕರೆ ಎಂದ.

‘ಸಾಹೇಬ್ರು ಒಲಿ ಮುಂದ ಬಂದು ಕುಂದ್ರತಾರೇನ್ ಕಾಕಾ? ತಲಿ ನೆಟ್ಟಗೈತಿಲ್ಲ?’

‘ಹೊಡದವ್ರು ಅವ್ರ ಅಲ್ಲೇನಪಾ. ಉಪ್ಪು ಅವ್ರ ನೋಡಬೇಕು.’

‘ನಿನಗ ನಾಲಿಗಿ ಇಲ್ಲೇನು? ನೀನ ನೋಡು.’

‘ನಾ ನೋಡಂಗಿಲ್ಲ.’

ನಬಿಸಾಬ ನಗುತ್ತ ಪಾತ್ರೆ ಎತ್ತಿಕೊಂಡು ಒಳಗೆ ಹೋದ. ಬಾಲಪ್ಪ ಕದದ ಮರೆಯಲ್ಲಿ ನಿಂತ. ಸಾಹೇಬರು ಒಂದು ತುತ್ತು ತಿಂದು ತಡೆದರು. ಈಗ ಕರೆಯುತ್ತಾರೆ, ಇಲ್ಲವೇ ಎದ್ದು ಬರುತ್ತಾರೆ ಎಂದು ಬಾಲಪ್ಪ ಹೆಗಲ ವಸ್ತ್ರಕ್ಕೆ ಕೈ ಒರೆಸಿಕೊಂಡ. ಅವರು ಮೇಜಿನ ಮೇಲಿದ್ದ ಸಣ್ಣ ಗಾಜಿನ ಶೀಶೆ ತೆಗೆದುಕೊಂಡು, ಅದರ ಮುಚ್ಚಳದ ತೂತುಗಳಿಂದ ತಟ್ಟೆಯ ಮೇಲೆ ಉಪ್ಪು ಉದುರಿಸಿಕೊಂಡರು. ಮತ್ತೆ ತಿಂದರು. ಪಕ್ಕದಲ್ಲಿದ್ದ ಪುಸ್ತಕ ತೆರೆದರು.

ಅಡುಗೆ ಬಹಳ ಹಿಡಿಸಿತ್ತು. ಉಪ್ಪು ಕಡಿಮೆ ಹಾಕುವವನಾದರೇ ಒಳ್ಳೆಯದು, ಬೇಕಾದಷ್ಟು ನಾವೇ ಹಾಕಿಕೊಳ್ಳುತ್ತೇವೆ, ನಾಳೆಯಿಂದ ಇರಲಿ ಎಂದರಂತೆ. ಸುದ್ದಿ ತಂದ ನಬಿಸಾಬನಿಗೇ ಹೆಚ್ಚು ಸಂತೋಷ. ಬಾಲಪ್ಪ ಬಾತು ಬೇಯಿಸಿದ ಪಾತ್ರೆಯನ್ನು ಬೂದಿ ಹಾಕಿ ಉಜ್ಜುತ್ತಿದ್ದ.

‘ಅವ್ರು ಎಂದೂ ಈ ಕಡಿ ಬರಂಗಿಲ್ಲೇನಪಾ?’

‘ಯಾಕ ಬರ್ತಾರ ಕಾಕಾ? ಎಲ್ಲಾ ಅಲ್ಲೇ ಸಿಗತೈತಲ್ಲ.’

ಬೇರೆ ದಾರಿ ಇರಲಿಲ್ಲ, ಬಾಲಪ್ಪ ಕೆಲಸಕ್ಕೆ ನಿಂತ. ಹನ್ನೊಂದು ವರ್ಷ ಬಾತು, ಕವುಜುಗ, ಭೀಮೆಯ ಮೀನು ಬೇಯಿಸಿ ಒಳಗೆ ಕಳಿಸಿದ. ಹಿಂದಿರುಗಿದ ತಟ್ಟೆಗಳನ್ನು ತೊಳೆಯುವ ಮುನ್ನ ಎಲುಬುಗಳನ್ನು ಒಂದೊಂದಾಗಿ ಹೊರಳಿಸಿ ನೋಡುತ್ತಿದ್ದ. ಚೀಪಿ ಬಿಳಿಚಿಕೊಂಡಿದ್ದರೆ ಸಮಾಧಾನ. ಒಮ್ಮೊಮ್ಮೆ ಅರ್ಧ ತಿಂದ ತುಂಡೊಂದು ಹಾಗೇ ಬಂದಿರುತ್ತಿತ್ತು. ಯಾಕೆ ಬಿಟ್ಟರೋ ಎಂದು ಯೋಚಿಸುವುದರಲ್ಲೇ ಅವನ ಆ ದಿನವೆಲ್ಲ ಹೋಗುತ್ತಿತ್ತು.