ಗ್ರಾಲ್ಯ ಊದುವ ಮುನ್ನ

ಇಸಿದ್ರೆ ಎಂಬಾತ ಅರ್ಧ ಆಯುಷ್ಯ ಹಬ್ಬದ ಚೌಕದಲ್ಲಿ ಮನುಷ್ಯರ ಗೋಪುರ ಹೊತ್ತವನು. ಒಂದನ್ನೂ ಕಣ್ಣಾರೆ ನೋಡಿದವನಲ್ಲ. ತಳದಲ್ಲಿ ನಿಲ್ಲುವ ನಾಲ್ವರಲ್ಲಿ ಅವನೊಬ್ಬ. ಅವನ ಹೆಗಲ ಮೇಲೊಬ್ಬ, ಆ ಹೆಗಲ ಮೇಲೆ ಇನ್ನೊಬ್ಬ, ಹೀಗೆ ಎಂಟು ಅಂತಸ್ತು. ತುದಿಗೇರಿದ ಮಗು ಗೋಪುರ ಪೂರ್ತಿಯಾಯಿತೆಂದು ಕೈ ಎತ್ತಿತೆಂಬುದು ಅವನಿಗೆ ತಿಳಿಯುತ್ತಿದ್ದದ್ದು ಚೌಕದಲ್ಲಿ ಏಳುವ ಕೂಗಿನಿಂದ. ಅಲ್ಲಿಯವರೆಗೂ ಅವನಿಗೆ ಕಾಣುತ್ತಿದ್ದದ್ದು ಎರಡೇ: ಎದುರಿನವನ ಅಂಗಿಯ ಗುಂಡಿ, ಮತ್ತು ತನ್ನ ಎಡ ಕಂಕುಳಿಗೆ ಊರುಗೋಲಾಗಿ ನಿಂತ ನೆವುಸ್‌ಳ ನೆತ್ತಿ.

ನೆವುಸ್ ಬ್ರೆಡ್ ಅಂಗಡಿಯವಳು, ಕುಳ್ಳಿ, ಬಾಯಿ ಜೋರು. ಗಂಡನ ಕಂಕುಳಿಗಿಂತ ಇಸಿದ್ರೆಯ ಕಂಕುಳೇ ತನಗೆ ಹೆಚ್ಚು ಪರಿಚಯ ಎಂದು ಗಂಡನ ಎದುರೇ ಹೇಳುತ್ತಿದ್ದಳು.

ಆ ಬೇಸಿಗೆಯಲ್ಲಿ ಹೇಜಲ್‌ಕಾಯಿಯ ಮೂಟೆ ಎತ್ತುವಾಗ ಇಸಿದ್ರೆಯ ಎಡ ಹೆಗಲಲ್ಲಿ ಏನೋ ಚಳಕ್ ಎಂದಿತು. ನೋವು ಎರಡು ವಾರದಲ್ಲಿ ಹೋಯಿತು. ಆದರೆ ಭಾರ ಬಿದ್ದರೆ ಬೆರಳುಗಳು ಮರಗಟ್ಟುತ್ತಿದ್ದವು. ಯಾರಿಗೂ ಹೇಳಲಿಲ್ಲ. ಅವರ ತಂಡ ಎಂಟು ಅಂತಸ್ತು ಕಟ್ಟಿ ಆರು ವರ್ಷವಾಗಿತ್ತು; ಸೆಪ್ಟೆಂಬರಿನ ಹಬ್ಬದಲ್ಲಿ ಮತ್ತೆ ಕಟ್ಟುವುದೆಂದು ತೀರ್ಮಾನವಾಗಿತ್ತು. ಅದರ ತಳದಲ್ಲಿ ತಾನಿಲ್ಲದೆ ಇರುವುದನ್ನು ಅವನಿಗೆ ಊಹಿಸಲೂ ಆಗಲಿಲ್ಲ.

ಮೊದಲು ಪರೀಕ್ಷೆ ಮಾಡಿ ನೋಡೋಣ ಎಂದುಕೊಂಡ. ಕೊಟ್ಟಿಗೆಯ ಬಾಗಿಲು ಹಾಕಿ, ಹೆಗಲ ಮೇಲೆ ಎರಡು ಮೂಟೆ ಏರಿಸಿಕೊಂಡು, ಎಡಗೈಯಲ್ಲಿ ಬಾಗಿಲ ಚಿಲಕ ಹಿಡಿದು, ರೇಡಿಯೊದಲ್ಲಿ ಹವಾಮಾನ ವರದಿ ಮುಗಿಯುವವರೆಗೆ ನಿಂತ. ಒಂದು ಗೋಪುರ ಏರಿ ಇಳಿಯಲು ಹೆಚ್ಚುಕಡಿಮೆ ಅಷ್ಟೇ ಹೊತ್ತು. ಕೊನೆಯವರೆಗೂ ಚಿಲಕದ ತಂಪು ಬೆರಳಿಗೆ ತಿಳಿಯಿತು. ಮರುದಿನವೂ ಹಾಗೇ ಆಯಿತು. ಎರಡು ದಿನವೂ ದೊಡ್ಡ ಮೂಟೆ ಬಲ ಹೆಗಲಿಗೆ ಹೋಗಿತ್ತು. ಅದು ತಾನಾಗಿ ಹೋದದ್ದಲ್ಲ, ಇಟ್ಟವನು ತಾನೇ ಎಂಬುದು ಅವನಿಗೆ ಗೊತ್ತಿತ್ತು.

ಶುಕ್ರವಾರದ ತಾಲೀಮಿನಲ್ಲೂ ಕೈ ಮೋಸ ಮಾಡಲಿಲ್ಲ. ಆದರೆ ತಾಲೀಮಿನಲ್ಲಿ ಐದು ಅಂತಸ್ತಿನ ಮೇಲೆ ಯಾರನ್ನೂ ಏರಿಸುತ್ತಿರಲಿಲ್ಲ. ನಡುಪಟ್ಟಿ ಬಿಚ್ಚುತ್ತಿದ್ದಾಗ ನೆವುಸ್ ಬಳಿಗೆ ಬಂದಳು.

"ಕಂಕುಳು ನಡುಗ್ತಿತ್ತಲ್ಲೋ, ಮುದಿಯಾ."

"ನಿನ್ನ ತಲೆ ನಡುಗ್ತಿತ್ತೇನೋ."

"ನನ್ನ ತಲೆ ನೆಟ್ಟಗಿದೆ. ರೆಮೆಯ್‌ಗೆ ಹೇಳ್ತೀಯೋ ಇಲ್ವೋ?"

ರೆಮೆಯ್ ತಂಡದ ಮುಖ್ಯಸ್ಥೆ. ಯಾರು ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುವವಳು.

"ಭಾನುವಾರ ಹಬ್ಬದಲ್ಲಿ ಬುಡ ಕಟ್ತೀವಲ್ಲ. ಸರಿ ಇಲ್ಲ ಅನ್ನಿಸಿದ್ರೆ ಅಲ್ಲೇ ಹೇಳ್ತೀನಿ."

"ಹೇಳ್ಬೇಕು ಮತ್ತೆ. ನಾನಂತೂ ಬಾಯಿ ಬಿಡಲ್ಲ. ಆ ಹೆಗಲು ನಿಂದು, ನನ್ನದಲ್ಲ."

ಬುಡಕ್ಕೆ ಆ ಅವಕಾಶವಿತ್ತು. ನೂರಾರು ಜನ ತಳದವರ ಸುತ್ತ ಎದೆಗೆ ಬೆನ್ನು ಒತ್ತಿ ನಿಂತ ಮೇಲೆ ಎರಡನೆಯ ಅಂತಸ್ತಿನವರು ಹತ್ತಿ, ಮೂರನೆಯವರೂ ಹತ್ತುತ್ತಾರೆ. ಅಲ್ಲಿಯವರೆಗೆ ಎಲ್ಲವೂ ಪರೀಕ್ಷೆಯೇ. ಬಿಚ್ಚಿದರೆ ಯಾರೂ ಸೋಲು ಎನ್ನುವುದಿಲ್ಲ. ಮುಖ್ಯಸ್ಥೆ ಕೈ ಮಾಡಿದ ಮೇಲೆ ಗ್ರಾಲ್ಯ ಎಂಬ ಓಲಗದಂಥ ವಾದ್ಯಗಳು ಮೊಳಗುತ್ತವೆ. ಆಮೇಲೆ ಮಕ್ಕಳು ಏರುತ್ತಾರೆ. ಆಮೇಲೆ ಬುಡ ಕುಸಿದರೆ ಬೀಳುವವರು ಅವರೇ.

ಭಾನುವಾರ ಚೌಕದಲ್ಲಿ ಬಿಸಿಲು ಕಾಯುತ್ತಿತ್ತು. ಇಸಿದ್ರೆ ತನ್ನ ಜಾಗದಲ್ಲಿ ನಿಂತು, ಅಂಗಿ ಜಾರದಂತೆ ಕಾಲರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ಎಡಗೈಯಲ್ಲಿ ಪಕ್ಕದವನ ತೋಳು ಹಿಡಿದ. ಸುತ್ತಲಿಂದ ಒತ್ತಡ ಬಂತು. ಮುಖದ ಮುಂದೆ ಬೆಳಕು ಮುಚ್ಚಿತು. ಎರಡನೆಯವರು ಹತ್ತಿದರು. ಮೂರನೆಯವರ ಪಾದ ಮೇಲಿನವನ ಬೆನ್ನೇರುತ್ತಿರುವುದು ಅವನ ಕುತ್ತಿಗೆಗೇ ತಿಳಿಯಿತು.

ಪಕ್ಕದವನ ತೋಳನ್ನು ಒಮ್ಮೆ ಅದುಮಿ ನೋಡಿದ. ಬಟ್ಟೆ ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. ಇನ್ನೂ ಜೋರಾಗಿ ಅದುಮಿದ. ಬೆರಳುಗಳೇ ಇಲ್ಲದಂತಿತ್ತು.

"ತಳದವ್ರೇ, ಹೇಗಿದೆ?" ರೆಮೆಯ್ ಹೊರಗಿನಿಂದ ಕೂಗಿದಳು.

ತಳದವರು ಸರಿಯಿದ್ದರೆ ಉತ್ತರ ಕೊಡುವುದಿಲ್ಲ. ಬಾಯಲ್ಲಿ ಕಾಲರ್ ಇರುತ್ತದೆ. ಅವರ ಮೌನವೇ ಒಪ್ಪಿಗೆ. ಇಸಿದ್ರೆ ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನೆ ಹಲ್ಲು ಕಚ್ಚಿ ನಿಂತರೆ ಸಾಕಿತ್ತು. ಇನ್ನೊಂದು ಉಸಿರಿನಲ್ಲಿ ಕೈಗೆ ಜೀವ ಬರಬಹುದು ಎಂದುಕೊಂಡ. ಕೊಟ್ಟಿಗೆಯಲ್ಲಿ ಮರಗಟ್ಟಿರಲಿಲ್ಲವಲ್ಲ. ಕೊಟ್ಟಿಗೆಯಲ್ಲಿ ಯಾವ ಮೂಟೆ ಯಾವ ಹೆಗಲ ಮೇಲಿತ್ತೆಂಬುದೂ ಅದರ ಹಿಂದೆಯೇ ನೆನಪಾಯಿತು.

ಅವನ ಕಂಕುಳಿನ ಕೆಳಗೆ ನೆವುಸ್ ಉಸಿರು ಬಿಗಿಹಿಡಿದಿದ್ದಳು.

"ತಳದವ್ರೇ?" ರೆಮೆಯ್ ಮತ್ತೆ ಕೇಳಿದಳು. ಎರಡು ಸಲ ಕೇಳುವುದು ಅವಳ ರೂಢಿ. ಮೂರನೆಯ ಸಲ ಕೇಳುವುದಿಲ್ಲ.

ಇಸಿದ್ರೆ ಹಲ್ಲು ಸಡಿಲಿಸಿದ. ಕಾಲರ್ ಜಾರಿತು.

"ಬಿಚ್ಚು! ನನ್ನ ಕಡೆ ಸರಿ ಇಲ್ಲ. ಬಿಚ್ಚೇ, ರೆಮೆಯ್!"

ಮೇಲಿನವರು ಒಬ್ಬೊಬ್ಬರಾಗಿ ಇಳಿದರು. ಬೆಳಕು ಮರಳಿತು. ರೆಮೆಯ್ ಎದುರಿಗೆ ಬಂದು ಅವನ ಮುಖ ನೋಡಿದಳು.

"ಏನಾಯ್ತು?"

"ಎಡಗೈ ಸತ್ತಿದೆ. ಬೇಸಿಗೆಯಿಂದಲೇ ಹೀಗೆ."

"ಬೇಸಿಗೆಯಿಂದ! ಇಷ್ಟು ದಿನ ಬಾಯಲ್ಲಿ ಏನಿತ್ತು ನಿಂಗೆ?"

"ಕಾಲರ್ ಇತ್ತು," ಎಂದಳು ನೆವುಸ್. "ಆಮೇಲೆ ಬೈಯಿ ಕಣೇ. ಬ್ಲಾಯ್‌ನ ಕರಿ."

ಬ್ಲಾಯ್ ಗಾರೆ ಕೆಲಸದವನು, ನಾಲ್ಕು ವರ್ಷದಿಂದ ತಾಲೀಮಿನಲ್ಲಿ ತಳ ಹೊತ್ತು ಚೌಕದಲ್ಲಿ ಹಿಂದೆ ನಿಲ್ಲುತ್ತಿದ್ದವನು. ನಡುಪಟ್ಟಿ ಬಿಗಿದುಕೊಳ್ಳುತ್ತ ಮುಂದೆ ಬಂದ.

"ಇಸಿದ್ರಣ್ಣ, ಎಂಟರದ್ದು ನಾನು ಹೊತ್ತೇ ಇಲ್ಲ."

"ಎಂಟರದ್ದು ತಾಲೀಮಿನಲ್ಲಿ ಯಾರು ತಾನೇ ಹೊತ್ತಿದ್ದಾರೆ? ಮಂಡಿ ಬಿಗಿ ಮಾಡ್ಬೇಡ. ಕೈ ಮರಗಟ್ಟಿದ್ರೆ ಕೂಗು, ನನ್ನ ಹಾಗೆ ಎರಡನೇ ಸಲಕ್ಕೆ ಕಾಯ್ಬೇಡ."

ಇಸಿದ್ರೆ ಬ್ಲಾಯ್‌ನ ಹಿಂದೆ ನಿಂತು ಎದೆಯನ್ನು ಅವನ ಬೆನ್ನಿಗೆ ಒತ್ತಿ, ಬಲಗೈ ಚಾಚಿದ. ಬುಡ ಮತ್ತೆ ಮುಚ್ಚಿತು. ರೆಮೆಯ್ ಎರಡು ಸಲ ಕೇಳಿದಳು. ಬ್ಲಾಯ್ ಮಾತಾಡಲಿಲ್ಲ. ಆ ಬೆನ್ನು ಅಲುಗುತ್ತಿಲ್ಲವೆಂಬುದನ್ನು ಇಸಿದ್ರೆ ತನ್ನ ಎದೆಯಲ್ಲಿ ಅಳೆದು ನೋಡಿದ.

ಗ್ರಾಲ್ಯಗಳು ಮೊಳಗಿದವು.

ಇಲ್ಲಿಂದ ತಲೆ ಎತ್ತಲು ಜಾಗವಿತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಇಸಿದ್ರೆ ನೋಡಿದ. ಬೆನ್ನುಗಳು, ಬರಿಗಾಲುಗಳು, ಅವುಗಳ ನಡುವೆ ಏರುತ್ತಿರುವ ಪುಟ್ಟ ಹೆಲ್ಮೆಟ್. ಅಷ್ಟು ಎತ್ತರ ಎಂದು ಅವನು ಎಂದೂ ಅಂದುಕೊಂಡಿರಲಿಲ್ಲ. ಮಗು ಕೈ ಎತ್ತಿದ್ದನ್ನು ಕೂಗು ಏಳುವ ಮೊದಲೇ ಕಂಡ. ಇಳಿಯುವುದು ಬಾಕಿ ಇತ್ತು; ಅವನು ತಲೆ ತಗ್ಗಿಸಿ, ಹಿಂದಿಗಿಂತ ಬಲವಾಗಿ ಒತ್ತಿದ.