ಮಾದೇಶನ ಮಂಡಿ, ನನ್ನ ಗದ್ಯ

ಗುಂಡ್ಲುಪೇಟೆಯಲ್ಲಿ ಬೆಳಗ್ಗೆ ವಾಕಿಂಗ್ ಹೋಗುವ ನಮ್ಮ ನಿವೃತ್ತರ ಬಳಗಕ್ಕೆ ಮಾತಾಡಲು ವಿಷಯಗಳು ಎರಡೇ. ಒಂದು, ಊಟಿ ರಸ್ತೆಯಲ್ಲಿ ಹೋಗುವ ಕಾರುಗಳ ವೇಗ, ಇನ್ನೊಂದು, ಮಂಡಿನೋವು. ಮೊದಲನೆಯ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲದ ಉತ್ಸಾಹದಿಂದ ಕೈ ಬೀಸಿ ಮಾತಾಡುತ್ತೇನೆ. ಎರಡನೆಯದು ಶುರುವಾಯಿತೆಂದರೆ ನನ್ನ ಚಪ್ಪಲಿಯೊಳಗೆ ಇಲ್ಲದ ಕಲ್ಲೊಂದು ಚುಚ್ಚತೊಡಗುತ್ತದೆ. ಅದನ್ನು ಕೊಡವುವ ನೆಪದಲ್ಲಿ ಬೇಕೆಂದೇ ಹಿಂದುಳಿದು, ಅವರು ಮುಲಾಮು, ಪಟ್ಟಿ, ಎಣ್ಣೆಗಳನ್ನೆಲ್ಲ ಚರ್ಚಿಸಿ ಮುಗಿಸುವವರೆಗೆ ರಸ್ತೆಬದಿಯ ಹುಣಸೆಮರಗಳನ್ನು ಲೆಕ್ಕ ಹಾಕುತ್ತೇನೆ. ನನ್ನ ಮಂಡಿಗಳು ದೇವರ ದಯದಿಂದ ಸುಸ್ಥಿತಿಯಲ್ಲಿವೆ. ನನ್ನನ್ನು ಕಾಡುವುದು ಇನ್ನೊಬ್ಬನ ಮಂಡಿ. ಆ ಮಂಡಿಯಲ್ಲೂ ಎಂದೂ ನೋವಿರಲಿಲ್ಲ ಎಂಬುದೇ ನನ್ನ ಸಂಕಟ.

ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ ನಾನು ಹಾಕಿ ಕೋಲನ್ನು ಕೈಯಲ್ಲಿ ಹಿಡಿದದ್ದು ಒಂದೇ ಸಲ, ಅದೂ ಸ್ಟಾಫ್ ರೂಮಿಗೆ ಕೋತಿ ನುಗ್ಗಿದಾಗ. ಹೀಗಿದ್ದೂ ನಾನು ಗುಂಡ್ಲುಪೇಟೆ ಹಾಕಿ ತಂಡದ ಮ್ಯಾನೇಜರಾದೆ. ಕ್ರೀಡಾದಿನಗಳಲ್ಲಿ ಮೈಕ್ ಹಿಡಿದು, ಚೆಂಡನ್ನು ಕಂದುಕವೆಂದೂ ಗೋಲನ್ನು ಲಕ್ಷ್ಯಸಿದ್ಧಿಯೆಂದೂ ಕರೆಯುತ್ತ ನಾನು ಕೊಡುತ್ತಿದ್ದ ವೀಕ್ಷಕ ವಿವರಣೆಯನ್ನು ಕೇಳಿ, ಇಷ್ಟು ಮಾತಾಡುವವನಿಗೆ ಆಟವೂ ಗೊತ್ತಿರಬೇಕೆಂದು ನಮ್ಮ ಊರಿನವರು ನಂಬಿದ್ದರು. ನಾನೂ ಆ ನಂಬಿಕೆಯನ್ನು ಕೆಡಿಸಲು ಹೋಗಲಿಲ್ಲ. ನಿವೃತ್ತನಾದವನಿಗೆ ಯಾರಾದರೂ ಒಂದು ಹುದ್ದೆ ಕೊಡುತ್ತೇವೆಂದರೆ ಅದು ಏನೆಂದು ಕೇಳುವಷ್ಟು ವ್ಯವಧಾನವಿರುವುದಿಲ್ಲ.

ನಮ್ಮ ಜಿಲ್ಲೆಯ ಲೀಗಿನಲ್ಲಿ ಆರು ತಂಡಗಳು. ಆಟಗಾರರಿಗೆ ಸಂಬಳ ಉಂಟು. ಆದ್ದರಿಂದ ಇದು ವೃತ್ತಿಪರ ಹಾಕಿಯೇ, ಮೈದಾನದಲ್ಲಿ ಆಗಾಗ ಎಮ್ಮೆ ಅಡ್ಡ ಬಂದರೂ ಸಹ. ಮೊದಲ ವರ್ಷ ಚಾಮರಾಜನಗರದ ಕರಿಕಲ್ಲಿನ ಕ್ವಾರಿಯ ಧಣಿಯೊಬ್ಬರು ಕೊಡಗಿನಿಂದ ಹನ್ನೊಂದು ಜನ ಆಟಗಾರರನ್ನು ಒಂದೇ ವ್ಯಾನಿನಲ್ಲಿ ತುಂಬಿಸಿಕೊಂಡು ಬಂದು ಎಲ್ಲರನ್ನೂ ಹಿಗ್ಗಾಮುಗ್ಗಾ ಸೋಲಿಸಿದ್ದರಿಂದ, ಸಮಿತಿಯವರು ಎಚ್ಚೆತ್ತು ಒಂದು ಮಿತಿಯನ್ನು ತಂದರು. ಪ್ರತಿ ಆಟಗಾರನ ಸಂಬಳಕ್ಕೂ ಇಷ್ಟು ಅಂಕವೆಂದು ಗೊತ್ತುಮಾಡಿ, ಯಾವ ತಂಡವೂ ನೂರು ಅಂಕ ಮೀರಬಾರದೆಂದರು. ಸಂಸಾರ ನಡೆಸಿದವರಿಗೆ ಇದು ಹೊಸ ವಿದ್ಯೆಯಲ್ಲ. ಅಕ್ಕಿಗೆ ಹೆಚ್ಚಾದದ್ದನ್ನು ಎಣ್ಣೆಯಲ್ಲಿ ಹಿಡಿಯುವುದನ್ನು ನನ್ನ ಹೆಂಡತಿ ಬದುಕಿಡೀ ಮಾಡಿದ್ದಾಳೆ. ಆದರೆ ಅವಳೆಂದೂ ಎಣ್ಣೆಯ ಮನೆಗೆ ಹೋಗಿ, ಅದರ ಕೈಯಲ್ಲಿ ಊಟ ಹಾಕಿಸಿಕೊಂಡು, ನೀನೇ ಒಲ್ಲೆನೆಂದು ಬರೆದುಕೊಡು ಎಂದು ಕೇಳಿರಲಿಲ್ಲ.

ಮಾದೇಶ ನಮ್ಮ ಗೋಲ್‌ಕೀಪರ್. ಹರವೆಯವನು, ಕಳೆದ ವರ್ಷಕ್ಕೆ ಮೂವತ್ತಾರು, ಬಾಳೆಗೊನೆ ಲೋಡು ಮಾಡುವ ಕೆಲಸ. ಲಾರಿಯ ಮೇಲಿಂದ ಎಸೆಯುವ ಗೊನೆಗಳನ್ನು ಎದೆಗೆ ಆನಿಸಿ ಹಿಡಿದು ಅಭ್ಯಾಸವಾಗಿದ್ದರಿಂದಲೋ ಏನೋ, ಎದುರಿನಿಂದ ಬರುವ ಚೆಂಡಿಗೆ ಕಣ್ಣು ಮುಚ್ಚುವುದು ಅವನಿಗೆ ಗೊತ್ತಿರಲಿಲ್ಲ. ಹರವೆ ಚಾಮರಾಜನಗರ ತಾಲ್ಲೂಕಿಗೆ ಸೇರಿದ್ದು. ನ್ಯಾಯವಾಗಿ ಅವನು ಆ ತಂಡದ ಸೊತ್ತು. ನಾನೇ ಅವನ ಮನೆಗೆ ಹೋಗಿ, ಮದುವೆಗೆ ಕರೆಯುವ ಹಾಗೆ ಎಲೆ, ಅಡಿಕೆ, ಒಂದು ರೂಪಾಯಿ ನಾಣ್ಯವಿಟ್ಟು ವೀಳ್ಯ ಕೊಟ್ಟು ಕರೆದಿದ್ದೆ. ವೀಳ್ಯ ಹಿಡಿದ ಮೇಲೆ ಅವನು ಮಾತು ತಪ್ಪುವವನಲ್ಲ. ಧಣಿಯ ಕಡೆಯವರು ಎರಡು ಸಲ ಬಂದು ಕರೆದರೂ ‘ಮೇಷ್ಟ್ರತಾವ ವೀಳ್ಯ ಇಸ್ಕಂಡಿವ್ನಿ’ ಎಂದಷ್ಟೇ ಹೇಳಿ ಕಳಿಸಿದನಂತೆ. ಎರಡು ವರ್ಷ ನಮ್ಮ ಗೋಲಿನ ಮುಂದೆ ನಿಂತ.

ಮೂರನೆಯ ವರ್ಷದ ನಡುವೆ ಕೊಡಗಿನ ಪೂವಣ್ಣನೆಂಬ ಮುಂಪಡೆ ಆಟಗಾರ ಯಾವುದೋ ತಂಡ ಬಿಟ್ಟು ಖಾಲಿಯಿದ್ದಾನೆಂದು ತಿಳಿಯಿತು. ಅವನಿಗೆ ಹದಿನೆಂಟು ಅಂಕ. ನಮ್ಮಲ್ಲಿ ಉಳಿದಿದ್ದು ಆರು. ಮಾದೇಶನಿಗೆ ಹನ್ನೆರಡು. ಮದ್ದೂರು ಕಡೆಯ ಎರಡನೆಯ ಕೀಪರನೊಬ್ಬ ತಂಡದಲ್ಲಿ ಆಗಲೇ ಇದ್ದ. ಸಮಿತಿಯ ನಿಯಮ ಹೀಗಿತ್ತು: ಋತುವಿನ ನಡುವೆ ಆಟಗಾರನನ್ನು ತಂಡವೇ ಕೈಬಿಟ್ಟರೆ ಅವನ ಅರ್ಧ ಅಂಕ ಮಾತ್ರ ವಾಪಸ್ಸು, ದೇಹಾಲಸ್ಯದ ಕಾರಣಕ್ಕೆ ಅವನೇ ರುಜು ಹಾಕಿ ಬಿಟ್ಟರೆ ಪೂರ್ತಿ ವಾಪಸ್ಸು. ನಾನು ಒಂದು ಲಕೋಟೆಯ ಹಿಂಬದಿಯಲ್ಲಿ ಆರಕ್ಕೆ ಹನ್ನೆರಡನ್ನು ಕೂಡಿಸಿ, ಹದಿನೆಂಟು ಬಂದ ಸಂತೋಷಕ್ಕೆ ಅದರ ಕೆಳಗೆ ಎರಡು ಗೆರೆ ಎಳೆದೆ. ಮಾದೇಶನ ಮಂಡಿಗೆ ನೋವು ಬಂದದ್ದು ಆ ಕ್ಷಣದಲ್ಲಿ.

ನಾನು ಬರುತ್ತೇನೆಂದು ಹೇಳಿ ಕಳಿಸಿದ್ದೆ, ಏಕೆಂದು ಹೇಳಿರಲಿಲ್ಲ. ಹರವೆಯಲ್ಲಿ ಬಸ್ಸಿಳಿದಾಗ ಮಾದೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸ್ಟಾಪಿನಲ್ಲೇ ನಿಂತಿದ್ದ. ಮನೆಯಲ್ಲಿ ಜಗುಲಿ ಸಾರಿಸಿ, ಕುರ್ಚಿ ಹಾಕಿ, ಎದುರು ಮನೆಯವರನ್ನೂ ಕರೆದು ಕೂರಿಸಿದ್ದರು. ಅವನ ಹೆಂಡತಿ ಪುಟ್ಟತಾಯಿ ನೀರಿನ ಚೊಂಬು ಕೊಡುತ್ತಲೇ ಕೇಳಿದಳು: ‘ನಮ್ಮನೆಯವ್ರ ಕ್ಯಾಪ್ಟನ್ ಮಾಡ್ತೀರಂತಲ್ಲ ಸಾ, ದಿಟವಾ?’ ನಾನು ನಗುವಿಗೂ ಕೆಮ್ಮಿಗೂ ನಡುವಿನ ಒಂದು ಸದ್ದು ಮಾಡಿದೆ. ಅವರು ಅದನ್ನು ಹೌದೆಂದೇ ತಿಳಿದುಕೊಂಡರು.

ಆಗಲೇ ಹೇಳಿಬಿಡಬೇಕಿತ್ತು. ಆದರೆ ಊಟಕ್ಕೆ ಮುಂಚೆ ಅಪ್ರಿಯವಾದದ್ದನ್ನು ಆಡಬಾರದೆಂಬ ಸಂಸ್ಕಾರವೊಂದು, ನನಗೆ ಅನುಕೂಲವಾದ ಹೊತ್ತಿಗೆ ಸರಿಯಾಗಿ ನೆನಪಾಯಿತು. ರಾಗಿಮುದ್ದೆ, ಉಪ್ಸಾರು, ಅವರೆಕಾಳಿನ ಪಲ್ಯ. ಒಂದೂವರೆ ಮುದ್ದೆ ಉಂಡೆ. ಖಾರ ಇನ್ನಷ್ಟು ಹಾಕಿಸಿಕೊಂಡೆ. ಎದುರು ಮನೆಯವರು ಎದ್ದು ಹೋದ ಮೇಲೆ, ಕೈ ತೊಳೆದ ನೀರು ಇನ್ನೂ ಬೆರಳ ತುದಿಯಲ್ಲಿರುವಾಗ, ವಿಷಯಕ್ಕೆ ಬಂದೆ. ತಂಡದ ಹಿತ, ತ್ಯಾಗದ ಮಹಿಮೆ, ಊರಿನ ಕೀರ್ತಿ ಎಂದು ಅರ್ಧ ಗಂಟೆ ಮಾತಾಡಿ, ಮಂಡಿನೋವೆಂಬ ಕಾಗದಕ್ಕೆ ರುಜು ಕೇಳಿದೆ. ಮಾದೇಶ ಅದನ್ನು ಒಂದು ಮಾತಿನಲ್ಲಿ ಮುಗಿಸಿದ.

‘ನೀವು ತಗುದ್ರ ಆರು ಬತ್ತದ, ನಾನೇ ಬುಟ್ರ ಹನ್ನೆರಡು ಬತ್ತದ. ಅಷ್ಟೇ ಅಲ್ವಾ ಸಾ?’

ಅಷ್ಟೇ ಎಂದೆ. ಅವನು ತನ್ನ ಕಾಲುಗಳನ್ನು ನೋಡಿಕೊಂಡ. ‘ನೀವು ಕರದ್ರಿ, ಬಂದಿ. ಈಗ ವೋಗು ಅಂತೀರಿ, ವೋಯ್ತೀನಿ. ಅದ್ಕ ಮಂಡಿ ಯಾಕ ಸಾ?’

ಉತ್ತರದ ಬದಲು ಜೇಬಿನಿಂದ ಪೆನ್ನು ತೆಗೆದೆ. ಅವನಿಗೆ ಬರೆದು ರೂಢಿಯಿಲ್ಲ, ಕಾಗದ ನಾನೇ ಬರೆದೆ. ‘ಮಂಡಿನೋವು, ಈ ಸಲ ಆಡಲಾರೆ’ ಎಂಬಷ್ಟು ಸಾಕಿತ್ತು. ಆದರೆ ಕೈಯಲ್ಲಿ ಪೆನ್ನು, ಹೊಟ್ಟೆಯಲ್ಲಿ ಮುದ್ದೆ, ಮುಂದೆ ಬಿಳಿ ಹಾಳೆ ಇದ್ದಾಗ ಮೂವತ್ತು ವರ್ಷದ ಅಭ್ಯಾಸ ಸುಮ್ಮನಿರುತ್ತದೆಯೇ? ‘ಜಾನುಸಂಧಿಯ ದುಸ್ಸಹ ವೇದನೆಯ ನಿಮಿತ್ತ ಕ್ರೀಡಾಂಗಣಕ್ಕೆ ಪದಾರ್ಪಣ ಮಾಡಲು ಅಸಮರ್ಥನಾಗಿ, ಸ್ವಸಂತೋಷದಿಂದ, ಎಂದೆಂದಿಗೂ ವಿದಾಯ ಹೇಳುತ್ತಿದ್ದೇನೆ’ ಎಂದು ಬರೆದೆ. ‘ಎಂದೆಂದಿಗೂ’ ಎಂಬುದನ್ನು ಯಾರೂ ಕೇಳಿರಲಿಲ್ಲ. ವಾಕ್ಯದ ನಡೆಗೆ ಅದು ಬೇಕೆನಿಸಿತು, ಹಾಕಿದೆ. ಓದಿ ಹೇಳಿದಾಗ ಮಾದೇಶ ‘ಇದು ನನ್ ಕಾಗ್ದನಾ ಸಾ?’ ಎಂದು ಕೇಳಿ ರುಜು ಮಾಡಿದ.

ಹೊರಡುವಾಗ ತಡೆದ. ಹಿತ್ತಲಿನ ಬಳ್ಳಿಯಿಂದ ಎರಡು ಎಲೆ ಕಿತ್ತು ತಂದು, ಅಡಿಕೆ ಇಟ್ಟು, ಒಂದು ರೂಪಾಯಿ ನಾಣ್ಯವಿಟ್ಟು ನನ್ನ ಕೈಗೆ ಕೊಟ್ಟ. ‘ಇಸ್ಕಂಡಿದ್ದ ವೀಳ್ಯ ವಾಪಸ್ ಕೊಟ್ಬುಡ್ಬೇಕಲ್ವಾ. ಇಲ್ಲಾಂದ್ರ ನಾ ಮಾತು ಮುರುದಂಗಾಯ್ತದ’ ಎಂದ. ಮಾತು ಮುರಿದವನು ಯಾರೆಂದು ಅವನು ಹೇಳಲಿಲ್ಲ. ಪುಟ್ಟತಾಯಿ ಒಳಗಿನಿಂದ ಬರಲೇ ಇಲ್ಲ. ಬಸ್ಸಿಗೆ ಕಾಯುತ್ತ ನಿಂತಾಗ, ನಾಚಿಕೆಯಿಂದ ಹೇಳುತ್ತೇನೆ, ಉಪ್ಸಾರಿನ ಖಾರ ಬಾಯಲ್ಲಿ ಉಳಿದಿತ್ತೆಂದು ಆ ಎಲೆ ಅಡಿಕೆಯನ್ನು ಬಾಯಿಗೆ ಹಾಕಿಕೊಂಡು ಜಗಿದುಬಿಟ್ಟೆ.

ಸೋತಿದ್ದರೆ ಸಮಾಧಾನವಾದರೂ ಇರುತ್ತಿತ್ತು. ನಾವು ಗೆದ್ದೆವು. ಪೂವಣ್ಣ ಬಂದ, ಗೋಲು ಹೊಡೆದ, ಕಪ್ಪು ಗುಂಡ್ಲುಪೇಟೆಗೆ, ನಮ್ಮ ಮನೆಯ ಕಪಾಟಿಗೆ ಬಂತು. ಚೆಂಡು ಮಲ್ಲಿಗೆಯ ಹಾರ ಹಾಕಿ, ಶಾಲು ಹೊದಿಸಿ, ನನ್ನ ಲೆಕ್ಕಾಚಾರವನ್ನು ಎಲ್ಲರೂ ಕೊಂಡಾಡಿದರು. ಸಮಿತಿಯ ಅಧ್ಯಕ್ಷರು ಮಾದೇಶನ ಕಾಗದವನ್ನು ವೇದಿಕೆಯ ಮೇಲೆ ಓದಿ, ಬಾಳೆಗೊನೆ ಹೊರುವವನೊಬ್ಬನ ಭಾಷೆ ಇಷ್ಟು ಸುಸಂಸ್ಕೃತವಾಗಿರುವುದು ನಮ್ಮ ಜಿಲ್ಲೆಯ ಹೆಮ್ಮೆ ಎಂದರು. ಸಭೆ ಚಪ್ಪಾಳೆ ತಟ್ಟಿತು. ಅದು ನನ್ನ ಗದ್ಯಕ್ಕೆ ಸಿಕ್ಕ ಮೊದಲ ಚಪ್ಪಾಳೆಯಾದ್ದರಿಂದ ಒಳಗೊಳಗೇ ಹಿಗ್ಗಿದೆ ಕೂಡ.

ಈ ವರ್ಷ ಹೊಸ ಋತುವಿಗೆ ಆಟಗಾರರನ್ನು ಗೊತ್ತುಮಾಡುವ ಹೊತ್ತಿನಲ್ಲಿ, ಒಂದು ಬೆಳಗ್ಗೆ ಮಾದೇಶ ನಮ್ಮ ಮನೆಯ ಗೇಟು ತೆಗೆದುಕೊಂಡು ಬಂದ. ಚಾಮರಾಜನಗರ ತಂಡದವರು ಅವನನ್ನು ಆರಿಸಿಕೊಂಡಿದ್ದರಂತೆ. ಸಮಿತಿಯವರು ಹೆಸರು ಸೇರಿಸಲು ಒಪ್ಪಲಿಲ್ಲವಂತೆ. ಹಳೆಯ ಕಾಗದ ತೆಗೆದು, ಎಂದೆಂದಿಗೂ ಆಡುವುದಿಲ್ಲವೆಂದು ನೀನೇ ಬರೆದುಕೊಟ್ಟಿದ್ದೀಯಲ್ಲಪ್ಪ, ಎಂದರಂತೆ. ವಾಕ್ಯದ ನಡೆಗೆಂದು ನಾನು ಹಾಕಿದ ಮಾತು ಅವನನ್ನು ಮೈದಾನದಿಂದ ಆಚೆಗೆ ಹಾಕಿತ್ತು. ಅವನಿಗೆ ಮೂವತ್ತೇಳು, ಈ ಸಲ ತಪ್ಪಿದರೆ ಮತ್ತೆ ಯಾರೂ ಕರೆಯುವುದಿಲ್ಲ. ನಾನು ಕೂಡಲೇ ಹಾಳೆ ತಂದು, ಯಾವುದೋ ನಾಟಿ ಔಷಧದ ಪ್ರಭಾವದಿಂದ ಮಂಡಿ ಗುಣವಾಯಿತೆಂದು ಬರೆಯೋಣ ಎಂದೆ.

‘ಬ್ಯಾಡಿ ಸಾ. ಈ ಸಲ ನಾ ಯೋಳ್ತೀನಿ, ನೀವು ಬರೀರಿ. ಏನೂ ಸೇರುಸ್ಬ್ಯಾಡಿ’ ಎಂದ. ಅವನು ನಿಧಾನವಾಗಿ ಹೇಳಿದ: ‘ನನ್ ಮಂಡಿಗ ಏನೂ ಆಗಿರ್ನಿಲ್ಲ. ಮೇಷ್ಟ್ರು ಮನಗ ಬಂದ್ರು. ಉಂಡ್ರು. ಕೇಳುದ್ರು. ಇಲ್ಲ ಅನ್ನಕ ಆಗ್ನಿಲ್ಲ. ರುಜು ಮಾಡ್ಬುಟ್ಟಿ. ನಾನು ಆಡ್ತೀನಿ.’

ಜೀವಮಾನದಲ್ಲಿ ಇಷ್ಟು ಒಳ್ಳೆಯ ಗದ್ಯವನ್ನು ನಾನು ಬರೆದಿಲ್ಲ. ಆದರೆ ‘ಮೇಷ್ಟ್ರು’ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಅವನು ಅದನ್ನು ಗಮನಿಸಿದ. ‘ನಿಮ್ ಹೆಸ್ರು ಬ್ಯಾಡ ಬುಡಿ. ಒಬ್ರು ಅಂತ ಹಾಕ್ಬುಡಿ. ಇಲ್ಲಾಂದ್ರ ಕಪ್ ಕಿತ್ಕತಾರ, ಹುಡುಗ್ರು ಬೆವರು ಸುರ್ಸವ್ರ’ ಎಂದ. ಬೇಡವೆನ್ನಬೇಕಿತ್ತು. ಅವನು ಮಾತು ಮುಗಿಸುವ ಮುಂಚೆಯೇ ‘ಒಬ್ಬರು’ ಎಂದು ಬರೆದು ಮುಂದಿನ ಸಾಲಿಗೆ ಹೋಗಿದ್ದೆ. ಅಷ್ಟು ಚುರುಕಾಗಿ ನಾನು ಎಂದೂ ಬರೆದವನಲ್ಲ.

ಕಳೆದ ಭಾನುವಾರ ಸಮಿತಿಯ ಸಭೆ, ಆಟಗಾರರೂ ಬಂದಿದ್ದರು. ಕಾಗದ ಓದಿದರು. ಮಾದೇಶನ ಹೆಸರು ಸೇರಿತು. ಅಲ್ಲಿಗೆ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಆ ಒಬ್ಬರು ಯಾರೆಂಬ ಚರ್ಚೆ ಶುರುವಾಯಿತು. ಮಾದೇಶ ಹೋದದ್ದರಿಂದ ಯಾರಿಗೆ ಜಾಗ ಸಿಕ್ಕಿತೆಂದು ಯಾರೋ ಕೇಳಿದರು, ಶಾಲು ಹೊದ್ದ ಮೇಷ್ಟ್ರ ಮೇಲೆ ಯಾರಿಗೂ ಸಂಶಯ ಬರಲಿಲ್ಲ, ಎಲ್ಲರೂ ಪೂವಣ್ಣನ ಕಡೆ ತಿರುಗಿದರು. ಆ ಹುಡುಗ ಹರವೆ ಎಲ್ಲಿದೆಯೆಂದೂ ತಿಳಿಯದವನು. ಮುಖ ಕೆಂಪಾಗಿ, ನಾನಲ್ಲ ಎಂದ. ಮಾದೇಶ ಎದ್ದು ನಿಂತು ‘ಅವ್ರಲ್ಲ ಸಾ’ ಎಂದ. ಹಾಗಾದರೆ ಯಾರು ಎಂದರು. ಅವನು ನೆಲ ನೋಡುತ್ತ ನಿಂತ, ತಪ್ಪಿಯೂ ನನ್ನ ಕಡೆ ಕಣ್ಣೆತ್ತಲಿಲ್ಲ. ಮುಂದಿನ ಸಭೆಯವರೆಗೆ ಪೂವಣ್ಣನನ್ನು ಯಾವ ತಂಡವೂ ಆಡಿಸಬಾರದೆಂದು ತೀರ್ಮಾನವಾಯಿತು. ಅಧ್ಯಕ್ಷರು ನನ್ನ ಕಡೆ ತಿರುಗಿ, ನಿಮಗೇನಾದರೂ ಗೊತ್ತೇ ಮೇಷ್ಟ್ರೇ, ಎಂದು ಕೇಳಿದರು. ಯಾರೋ ಏನೋ, ಕಾಲ ಕೆಟ್ಟಿದೆ, ಎಂದೆ.

ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ನನ್ನ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಕಪ್ಪಿನ ಮೇಲಿನ ಧೂಳು ಒರೆಸುವುದನ್ನು ನಿಲ್ಲಿಸಿ, ಅದನ್ನು ಒಂದು ಕೈಚೀಲಕ್ಕೆ ಹಾಕಿ ಬಾಗಿಲ ಬಳಿ ಇಟ್ಟಳು. ಹುಡುಗರ ಬೆವರನ್ನು ನೆನೆದರೆ ಈಗಲೂ ಕೈ ಹಿಂದಕ್ಕೆ ಬರುತ್ತದೆ. ಆದರೆ ಕಪ್ಪು ಹೋದ ದಿನ ಆ ಹುಡುಗರ ಮುಖ ನೋಡಬೇಕಾದವನು ನಾನೇ, ಅದನ್ನು ಮಾದೇಶನೋ ಪೂವಣ್ಣನೋ ನನ್ನ ಪರವಾಗಿ ಮಾಡಿಕೊಡಲಾಗದು. ಮುಂದಿನ ಭಾನುವಾರದ ಸಭೆಗೆ ಒಂದು ಕಾಗದ ಬರೆದಿಟ್ಟಿದ್ದೇನೆ. ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಸಮಾಸಗಳನ್ನು ಹೊಡೆದು ಹಾಕಿದೆ. ಉಳಿದದ್ದು ಇಷ್ಟು:

‘ಮಾದೇಶನ ಮಂಡಿಗೆ ಏನೂ ಆಗಿರಲಿಲ್ಲ. ಅವನ ಮನೆಗೆ ಹೋದವನು ನಾನು. ಉಂಡವನು ನಾನು. ಕೇಳಿದವನು ನಾನು. ಪೂವಣ್ಣನಿಗೆ ಇದೊಂದೂ ಗೊತ್ತಿಲ್ಲ. ಕಪ್ಪನ್ನು ತಂದಿದ್ದೇನೆ.’